1948ರ ಮಾರ್ಚ್: ಜಮಖಂಡಿಯ ಒಂದು ಸಹಿ, ಕೋಸ್ಟಾರಿಕಾದ ಒಂದು ಯುದ್ಧ

2018ರ ನವೆಂಬರ್‌ನಲ್ಲಿ ಜಮಖಂಡಿ ಉಪಚುನಾವಣೆ ನಡೆದಾಗ ವರದಿಗಾಗಿ ಹೋಗಿದ್ದೆ. ಚಹಾದ ಅಂಗಡಿ ಮುಂದೆ ಕ್ಯಾಮೆರಾ ಇಟ್ಟು, ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳ್ತಿದ್ದೆ: ಗಾಳಿ ಯಾವ ಕಡೆ? ಬೆಂಚಿನ ಮೇಲೆ ಕೂತಿದ್ದ ಹಿರಿಯರೊಬ್ಬರು ನನ್ನ ಮೈಕನ್ನೇ ನೋಡಿ ನಕ್ಕರು. "ತಮ್ಮಾ, ಬೆಂಗಳೂರಿನವ್ರು ನಮ್ಮನ್ನ ಹಿಂದುಳಿದ ಭಾಗ ಅಂತೀರಿ. ನಾವು ಒಂದ ಕಾಲಕ್ಕ ರಾಜಧಾನಿ ಇದ್ದೀವಿ, ಗೊತ್ತೈತೇನು?" ಅಂದರು. "ಗೊತ್ತೈತ್ರಿ ಅಜ್ಜಾ" ಅಂದೆ. ಸುಳ್ಳು ಹೇಳಿದ್ದೆ. ಎಂಜಿನಿಯರಿಂಗ್ ಓದಿದವನು ನಾನು. ಇತಿಹಾಸಕ್ಕೂ ನನಗೂ ಎಸ್ಸೆಸ್ಸೆಲ್ಸಿಗೇ ಸಂಬಂಧ ಮುಗಿದಿತ್ತು. ಅಜ್ಜ ಬಿಡಲಿಲ್ಲ. "ಗೊತ್ತಿದ್ರ ಹೇಳು. ಆ ರಾಜ್ಯಾ ಕೊಟ್ಟು ನಮಗೇನು ಸಿಕ್ತು?"

ಆ ಪ್ರಶ್ನೆಗೆ ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತು ಉತ್ತರ ಹುಡುಕುವ ಪ್ರಯತ್ನ ಮಾಡ್ತೀನಿ. ಅದಕ್ಕಾಗಿ ಜಮಖಂಡಿಯ ಜತೆಗೆ ಇನ್ನೊಂದು ಸಣ್ಣ ನಾಡಿಗೂ ನಿಮ್ಮನ್ನು ಕರೆದುಕೊಂಡು ಹೋಗಬೇಕು. ಅದು ಮಧ್ಯ ಅಮೆರಿಕದ ಕೋಸ್ಟಾರಿಕಾ. ಇಲ್ಲೆಲ್ಲಿಯ ಜಮಖಂಡಿ, ಅಲ್ಲೆಲ್ಲಿಯ ಕೋಸ್ಟಾರಿಕಾ ಅಂತೀರಾ? ಎರಡಕ್ಕೂ ಒಂದೇ ತಿಂಗಳಲ್ಲಿ, ನಾಲ್ಕು ದಿನದ ಅಂತರದಲ್ಲಿ ಪರೀಕ್ಷೆ ಎದುರಾಯಿತು. ಸಣ್ಣ ರಾಜ್ಯವೊಂದರಲ್ಲಿ ಅಧಿಕಾರ ಕೈ ಬದಲಾಯಿಸಬೇಕಾದಾಗ ಏನಾಗುತ್ತದೆ ಅನ್ನೋದೇ ಆ ಪರೀಕ್ಷೆ.

ಮೊದಲು ನಮ್ಮ ಕಡೆಯ ನಕ್ಷೆ ನೋಡೋಣ. ಇವತ್ತು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಲ್ಲವೂ ಬಾಗಲಕೋಟೆ ಜಿಲ್ಲೆಯ ತಾಲ್ಲೂಕುಗಳು. ಬೈಕ್ ಹತ್ತಿದರೆ ಅರ್ಧ ದಿನದಲ್ಲಿ ನಾಲ್ಕೂ ಊರು ಸುತ್ತಿ ಬರಬಹುದು. 1947ರಲ್ಲಿ ಅದೇ ಸುತ್ತು ಹಾಕಿದ್ದರೆ ನಾಲ್ಕು ಸರ್ಕಾರಗಳನ್ನು ದಾಟಬೇಕಿತ್ತು. ಜಮಖಂಡಿಯಲ್ಲಿ ಪಟವರ್ಧನ ಮನೆತನದ ಆಳ್ವಿಕೆ. ಮುಧೋಳದಲ್ಲಿ ಘೋರ್ಪಡೆಯವರದು. ಬೀಳಗಿ ಬ್ರಿಟಿಷರ ಬಿಜಾಪುರ ಜಿಲ್ಲೆಗೆ ಸೇರಿತ್ತು. ಇನ್ನು ರಬಕವಿ, ಬನಹಟ್ಟಿ? ಇವತ್ತು ಒಂದೇ ನಗರಸಭೆ, ಒಂದೇ ಹೆಸರಿನಲ್ಲಿ ಜೋಡಿಸಿ ಕರೆಯುವ ಈ ಅವಳಿ ಊರುಗಳಲ್ಲಿ ಬನಹಟ್ಟಿ ಜಮಖಂಡಿ ಸಂಸ್ಥಾನದ್ದು, ರಬಕವಿ ಸಾಂಗಲಿ ಸಂಸ್ಥಾನದ್ದು. ಈ ಊರಿನ ನೇಕಾರನೂ ಆ ಊರಿನ ನೇಕಾರನೂ ಮಗ್ಗಕ್ಕೆ ಹಾಕ್ತಿದ್ದದ್ದು ಅದೇ ನೂಲು, ಆಡ್ತಿದ್ದದ್ದು ಅದೇ ಕನ್ನಡ. ಆದರೆ ಅರ್ಜಿ ಕೊಡೋಕೆ ಇಬ್ಬರೂ ಬೇರೆ ಬೇರೆ ರಾಜರ ಕಚೇರಿಗೆ ಹೋಗಬೇಕಿತ್ತು.

ಜಮಖಂಡಿ ಸಂಸ್ಥಾನ ಹುಟ್ಟಿದ್ದು 1811ರಲ್ಲಿ, ಪಟವರ್ಧನರ ಮನೆ ಪಾಲಾದಾಗ. ವಿಸ್ತೀರ್ಣ 524 ಚದರ ಮೈಲಿ. 1901ರ ಜನಗಣತಿಯ ಪ್ರಕಾರ ಜನಸಂಖ್ಯೆ 1,05,357. ಅದೂ ಒಂದೇ ತುಂಡು ನೆಲ ಅಲ್ಲ. ಹುಬ್ಬಳ್ಳಿಯ ಆಚೆ ಇರುವ ಕುಂದಗೋಳ ಕೂಡ ಜಮಖಂಡಿಗೇ ಸೇರಿತ್ತು. ಸವಾಯಿ ಗಂಧರ್ವರ ಊರು, ಭೀಮಸೇನ ಜೋಶಿಯವರು ಸಂಗೀತ ಕಲಿಯೋಕೆ ಹೋದ ಊರು ಅದು. ನಡುವೆ ಪರರಾಜ್ಯ ದಾಟಿ ಹೋಗಬೇಕಿದ್ದ ಕುಂದಗೋಳದಲ್ಲೂ ಜಮಖಂಡಿಯ ಆಡಳಿತ. ಮುಧೋಳ ಇನ್ನೂ ಸಣ್ಣದು, 368 ಚದರ ಮೈಲಿ. ಮಹಾಲಿಂಗಪುರ ಅದರೊಳಗೆ. ಕವಿ ರನ್ನ ಹುಟ್ಟಿದ ನೆಲ ಎಂಬ ಹೆಮ್ಮೆ ಮುಧೋಳಕ್ಕಿದೆ. ಈಗ ನಮ್ಮ ಸೇನೆಯವರೆಗೂ ಹೋಗಿರುವ ಮುಧೋಳ ನಾಯಿಯನ್ನು ತಳಿಯಾಗಿ ಉಳಿಸಿ, ಜಗತ್ತಿಗೆ ಪರಿಚಯಿಸಿದವರು ಇಲ್ಲಿನ ರಾಜ ಮಾಲೋಜಿರಾವ್ ಘೋರ್ಪಡೆ.

ಇವನ್ನು ದೇಶಗಳು ಅನ್ನಬಹುದಾ? ಕಟ್ಟುನಿಟ್ಟಾಗಿ ಹೇಳೋದಾದರೆ ಇಲ್ಲ. ಬ್ರಿಟಿಷರ ಪರಮಾಧಿಕಾರದ ಕೆಳಗಿದ್ದ ಸಂಸ್ಥಾನಗಳು ಇವು. ಯುದ್ಧ ಮಾಡುವ ಹಕ್ಕಿಲ್ಲ, ವಿದೇಶಾಂಗ ನೀತಿ ಇಲ್ಲ. ಆದರೆ ಪ್ರಜೆಯ ದಿನನಿತ್ಯದ ಬದುಕಿನಲ್ಲಿ ಸರ್ಕಾರ ಅಂದರೆ ಇವೇ. ಕಂದಾಯ, ಕೋರ್ಟು, ಜೈಲು, ಶಾಲೆ ಎಲ್ಲವೂ ಇವರದ್ದೇ. ಅರಮನೆಯ ಮಾತು ಮರಾಠಿ, ಪೇಟೆಯ ಮಾತು ಕನ್ನಡ.

ಸಂಸ್ಥಾನ ಅಂದ ಕೂಡಲೇ ರಾಜವೈಭವ ನೆನಪಿಸಿಕೊಂಡು ಕಣ್ಣು ತೇವ ಮಾಡಿಕೊಳ್ಳುವವರಿಗೆ ಒಂದು ಹೆಸರು ನೆನಪಿಸ್ತೀನಿ: ಹಲಗಲಿ. ಅದು ಮುಧೋಳ ಸಂಸ್ಥಾನದ ಊರು. 1857ರಲ್ಲಿ ಆಯುಧ ಒಪ್ಪಿಸಿ ಅಂತ ಕಾನೂನು ಬಂದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ಬ್ರಿಟಿಷ್ ಪಡೆ ಬಂದು ಊರಿಗೆ ಬೆಂಕಿ ಇಟ್ಟಿತು. ಆ ಡಿಸೆಂಬರ್‌ನಲ್ಲಿ 19 ಜನರನ್ನು ನೇಣಿಗೆ ಹಾಕಿದರು. ಹಲಗಲಿಯ ಬೇಡರ ಲಾವಣಿಯನ್ನು ನಮ್ಮ ಕಡೆ ಈಗಲೂ ಹಾಡ್ತಾರೆ. ಸಣ್ಣ ರಾಜ್ಯ ತನ್ನ ಪ್ರಜೆಯನ್ನು ದೊಡ್ಡ ಸಾಮ್ರಾಜ್ಯದಿಂದ ಕಾಪಾಡೋಕೆ ಆಗಲಿಲ್ಲ ಅನ್ನೋದಕ್ಕೆ ಹಲಗಲಿಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈಗ ಕೋಸ್ಟಾರಿಕಾಗೆ ಬರೋಣ. ಕರ್ನಾಟಕದ ನಾಲ್ಕನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, 51,100 ಚದರ ಕಿಲೋಮೀಟರ್ ಇರುವ ದೇಶ. 1821ರಲ್ಲಿ ಮಧ್ಯ ಅಮೆರಿಕ ಸ್ಪೇನಿನಿಂದ ಬಿಡುಗಡೆಯಾಯಿತು. ಗ್ವಾಟೆಮಾಲಾ, ಎಲ್ ಸಾಲ್ವಡಾರ್, ಹೊಂಡುರಾಸ್, ನಿಕರಾಗುವಾ, ಕೋಸ್ಟಾರಿಕಾ ಐದೂ ಸೇರಿ 1823ರಲ್ಲಿ ಒಂದು ಒಕ್ಕೂಟ ಕಟ್ಟಿಕೊಂಡವು. ಅದು ಇಪ್ಪತ್ತು ವರ್ಷವೂ ಬಾಳಲಿಲ್ಲ. 1838ರಲ್ಲಿ ಕೋಸ್ಟಾರಿಕಾ ಹೊರಬಂತು. ಆಮೇಲೆ ಐದಕ್ಕೆ ಐದೂ ಸಣ್ಣ ಸಣ್ಣ ಗಣರಾಜ್ಯಗಳು. ಕಾಫಿ, ಬಾಳೆಹಣ್ಣು, ಸೈನ್ಯಾಧಿಕಾರಿಗಳು, ಅಮೆರಿಕದ ಹಣ್ಣಿನ ಕಂಪನಿಗಳು ಇವುಗಳ ನಡುವೆಯೇ ಅವುಗಳ ರಾಜಕೀಯ ನಡೆಯಿತು. ನಾವು ಚಾನೆಲ್‌ಗಳಲ್ಲಿ ಯಾರನ್ನಾದರೂ ಬೈಯೋಕೆ ಬಳಸುವ 'ಬನಾನಾ ರಿಪಬ್ಲಿಕ್' ಎಂಬ ಪದ ಹುಟ್ಟಿದ್ದೇ ಆ ಕಡೆಯ ಅನುಭವದಿಂದ. ಹೊಂಡುರಾಸ್‌ನಲ್ಲಿ ಕೆಲಕಾಲ ಇದ್ದ ಓ. ಹೆನ್ರಿ ಎಂಬ ಕಥೆಗಾರ 1904ರಲ್ಲಿ ಅದನ್ನು ಬಳಕೆಗೆ ತಂದರು.

ಕೋಸ್ಟಾರಿಕಾ ಆ ಐದರಲ್ಲಿ ಸ್ವಲ್ಪ ಬೇರೆ ದಾರಿ ಹಿಡಿದಿತ್ತು. 1940ರ ದಶಕದಲ್ಲಿ ಅಧ್ಯಕ್ಷ ಕಾಲ್ಡೆರಾನ್ ಗ್ವಾರ್ದಿಯಾ ಕಾರ್ಮಿಕರಿಗೆ ಸಾಮಾಜಿಕ ವಿಮೆ ತಂದರು, ಕಾರ್ಮಿಕ ಸಂಹಿತೆ ತಂದರು. ಒಳ್ಳೆಯ ಕೆಲಸಗಳೇ. ಆದರೆ ಟೀಕೆ ಸಹಿಸುವ ಗುಣ ಕಡಿಮೆ. 1942ರಲ್ಲಿ ಹೋಸೆ ಫಿಗೆರೆಸ್ ಎಂಬ ಕೃಷಿಕ ರೇಡಿಯೊದಲ್ಲಿ ಸರ್ಕಾರವನ್ನು ಟೀಕಿಸಿ ಭಾಷಣ ಮಾಡ್ತಿದ್ದರು. ಭಾಷಣ ಮುಗಿಯುವ ಮೊದಲೇ ಪೊಲೀಸರು ಒಳಗೆ ನುಗ್ಗಿ ಹಿಡಿದರು, ದೇಶದಿಂದ ಹೊರಗೆ ಕಳಿಸಿದರು. ಮೈಕ್ ಮುಂದೆ ಕೂತು ಹೊಟ್ಟೆ ಹೊರೆಯುವ ನನ್ನಂಥವನಿಗೆ ಈ ಪ್ರಸಂಗ ಓದಿದಾಗ ಕುತ್ತಿಗೆ ತಣ್ಣಗಾಯಿತು.

1948ರ ಫೆಬ್ರವರಿಯಲ್ಲಿ ಅಲ್ಲಿ ಅಧ್ಯಕ್ಷರ ಚುನಾವಣೆ. ಗೆದ್ದಿದ್ದು ವಿರೋಧಿ ಬಣದ ಓಟಿಲಿಯೊ ಉಲಾಟೆ, ಪತ್ರಕರ್ತ. ಸೋತದ್ದು ಮತ್ತೆ ಅಧ್ಯಕ್ಷರಾಗಲು ಬಂದಿದ್ದ ಕಾಲ್ಡೆರಾನ್. ಚುನಾವಣೆಯೇ ಸರಿಯಾಗಿಲ್ಲ ಅಂತ ಕಾಲ್ಡೆರಾನ್ ಬಣ ಹಟ ಹಿಡಿಯಿತು. ಅವರ ಬೆಂಬಲಿಗರೇ ತುಂಬಿದ್ದ ಸಂಸತ್ತು ಮಾರ್ಚ್ 1ರಂದು ಫಲಿತಾಂಶವನ್ನೇ ರದ್ದು ಮಾಡಿತು. ಮಾರ್ಚ್ 12ಕ್ಕೆ ಫಿಗೆರೆಸ್ ಬಂದೂಕು ಎತ್ತಿದರು. 44 ದಿನಗಳ ಅಂತರ್ಯುದ್ಧದಲ್ಲಿ ಸುಮಾರು 2,000 ಜನ ಸತ್ತರು ಅಂತ ಲೆಕ್ಕ. ಅಷ್ಟು ಸಣ್ಣ ದೇಶಕ್ಕೆ ಅದು ಸಣ್ಣ ಸಂಖ್ಯೆ ಅಲ್ಲ.

ಅದೇ ಮಾರ್ಚ್ 8. ಜಮಖಂಡಿ ಸಂಸ್ಥಾನ ಭಾರತ ಒಕ್ಕೂಟದ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. ಮುಧೋಳವೂ ಆಯಿತು, ಸಾಂಗಲಿ, ರಾಮದುರ್ಗ, ಸವಣೂರುಗಳೂ ಆದವು. ಡೆಕ್ಕನ್ ಸಂಸ್ಥಾನಗಳ ಪೈಕಿ ದೊಡ್ಡದಾದ ಕೊಲ್ಹಾಪುರ ಮಾತ್ರ ಇನ್ನೂ ಒಂದು ವರ್ಷ ತಗೊಂಡಿತು. ಜಮಖಂಡಿಯಲ್ಲಿ ಒಂದು ಗುಂಡು ಹಾರಲಿಲ್ಲ. ಅರಮನೆಯ ಕಡೆಯಿಂದ ರಾಜ ಶಂಕರರಾವ್ ಪಟವರ್ಧನ, ಜನರ ಕಡೆಯಿಂದ ಸಂಸ್ಥಾನದ ದಿವಾನ. ಆ ದಿವಾನನಿಗೆ ಆಗ 35 ವರ್ಷ. ಹೆಸರು ಬಸಪ್ಪ ದಾನಪ್ಪ ಜತ್ತಿ.

ಜತ್ತಿಯವರು ಜಮಖಂಡಿ ತಾಲ್ಲೂಕಿನ ಸಾವಳಗಿಯವರು. ಕೊಲ್ಹಾಪುರದಲ್ಲಿ ಕಾನೂನು ಓದಿ ಬಂದು ಜಮಖಂಡಿಯಲ್ಲಿ ವಕೀಲಿ ಶುರು ಮಾಡಿದರು. 1940ರಲ್ಲಿ ಪುರಸಭೆಗೆ ಸದಸ್ಯ, 1945ರಲ್ಲಿ ಅಧ್ಯಕ್ಷ. ಆಮೇಲೆ ಸಂಸ್ಥಾನದ ಶಾಸನಸಭೆಗೆ ಆಯ್ಕೆ, ಮಂತ್ರಿ, 1948ರಲ್ಲಿ ದಿವಾನ ಅಂದರೆ ಮುಖ್ಯಮಂತ್ರಿ. ಗಮನಿಸಿ, ಈ ಮೆಟ್ಟಿಲುಗಳು ಎಲ್ಲಿ ಶುರುವಾಗಿವೆ? ಪುರಸಭೆಯಲ್ಲಿ. ನಲ್ಲಿ ನೀರು, ಗಟಾರ, ಬೀದಿ ದೀಪದ ಜಗಳದಲ್ಲಿ. ರಾಜನ ಆಳ್ವಿಕೆ ಇರುವಾಗಲೇ ಆ ಊರಿನಲ್ಲಿ ಚುನಾವಣೆ, ಸಭೆ, ಠರಾವು ಎನ್ನುವ ರೂಢಿ ಬೆಳೆದಿತ್ತು. ರಾಜ ಕೆಳಗಿಳಿದಾಗ ಕುರ್ಚಿ ಖಾಲಿ ಬಿದ್ದು ದರೋಡೆಯಾಗಲಿಲ್ಲ, ಕೂರೋಕೆ ತರಬೇತಾದ ಮನುಷ್ಯ ಇದ್ದ.

ಇದು ತಾನಾಗಿ ಆಗುವ ಮಾತೇನೂ ಅಲ್ಲ. ಪಕ್ಕದ ರಾಮದುರ್ಗ ಸಂಸ್ಥಾನದಲ್ಲಿ 1939ರ ಏಪ್ರಿಲ್‌ನಲ್ಲಿ ಪ್ರಜಾ ಚಳವಳಿ ಹಿಂಸೆಗೆ ತಿರುಗಿತು. ಜನ ಜೈಲಿಗೆ ನುಗ್ಗಿದರು, ಪೊಲೀಸರು ಸತ್ತರು, ಅದರ ಹಿಂದೆ ಕೇಸು, ಶಿಕ್ಷೆ. ಅದೇ ಭಾಷೆಯ ಜನ, ಅಂಥದ್ದೇ ಸಣ್ಣ ಸಂಸ್ಥಾನ. ಜಮಖಂಡಿಯಲ್ಲೂ ಹಾಗೇ ಆಗಬಹುದಿತ್ತು.

ಇನ್ನೊಂದು ಮಾತು ಮುಚ್ಚಿಡಬಾರದು. ರಾಜರು ಪೂರ್ತಿ ಮನಸ್ಸಿನಿಂದ ತ್ಯಾಗ ಮಾಡಿಬಿಟ್ಟರು ಅಂತ ಹೇಳಿದರೆ ಅದು ಶಾಲಾ ಪಠ್ಯದ ಸಕ್ಕರೆ. ಡೆಕ್ಕನ್‌ನ ಸಣ್ಣ ಸಂಸ್ಥಾನಗಳೆಲ್ಲ ಸೇರಿ ತಮ್ಮದೇ ಒಂದು ಒಕ್ಕೂಟ ಮಾಡಿಕೊಳ್ಳುವ ಯೋಚನೆಯನ್ನೂ ಮಾಡಿದ್ದವು. ಮಧ್ಯ ಅಮೆರಿಕದ ಐದು ರಾಜ್ಯಗಳ ಕಥೆ ನೆನಪಿಸಿಕೊಳ್ಳಿ. ಅಷ್ಟರಲ್ಲಿ 1947ರ ಡಿಸೆಂಬರ್‌ನಲ್ಲಿ ಸರ್ದಾರ್ ಪಟೇಲರು, ವಿ.ಪಿ. ಮೆನನ್ ಅವರು ಒರಿಸ್ಸಾ, ಛತ್ತೀಸ್‌ಗಢದ ಸಣ್ಣ ಸಂಸ್ಥಾನಗಳನ್ನು ಪ್ರಾಂತ್ಯಗಳಿಗೆ ಸೇರಿಸಿ ಮುಗಿಸಿದ್ದರು. ದಾರಿ ಯಾವುದು ಅಂತ ಎಲ್ಲರಿಗೂ ಕಾಣ್ತಿತ್ತು. ಒಂದು ಲಕ್ಷ ಚಿಲ್ಲರೆ ಜನರ, ಎರಡು ಮೂರು ತುಂಡಾಗಿ ಬಿದ್ದ ರಾಜ್ಯ ಸ್ವತಂತ್ರ ಭಾರತದ ನಡುವೆ ಒಂಟಿಯಾಗಿ ನಿಲ್ಲೋದು ಸಾಧ್ಯವೇ ಇರಲಿಲ್ಲ. ಮತಪೆಟ್ಟಿಗೆ ಇಟ್ಟು ಜನರನ್ನು ಕೇಳಲೂ ಇಲ್ಲ. ಆದರೆ ಸಾಧ್ಯವಿಲ್ಲ ಅಂತ ಗೊತ್ತಾದ ಮೇಲೂ ಕುರ್ಚಿಗೆ ಅಂಟಿಕೊಂಡು ಊರನ್ನು ಸುಟ್ಟವರು ಇತಿಹಾಸದಲ್ಲಿ ಬಹಳ ಇದ್ದಾರೆ. ಜಮಖಂಡಿಯಲ್ಲಿ ಹಾಗಾಗಲಿಲ್ಲ ಅನ್ನೋದು ದಾಖಲಾಗಬೇಕು.

ಕೋಸ್ಟಾರಿಕಾದಲ್ಲಿ ಮುಂದೆ ಏನಾಯಿತು? ಗೆದ್ದ ಫಿಗೆರೆಸ್ 18 ತಿಂಗಳು ಆಡಳಿತ ಮಂಡಳಿ ನಡೆಸಿದರು. ಅವರೂ ದೇವತೆಯಲ್ಲ. ಸೋತವರು ದೇಶ ಬಿಟ್ಟು ಓಡಬೇಕಾಯಿತು, ಕಮ್ಯುನಿಸ್ಟ್ ಪಕ್ಷಕ್ಕೆ ನಿಷೇಧ ಬಿತ್ತು. ಆದರೆ 1948ರ ಡಿಸೆಂಬರ್ 1ರಂದು ರಾಜಧಾನಿ ಸಾನ್ ಹೋಸೆಯ ಸೇನಾ ಕೋಟೆಗೆ ಹೋಗಿ, ಸುತ್ತಿಗೆ ತಗೊಂಡು ಗೋಡೆಗೆ ಹೊಡೆದು, ಇನ್ನು ಮುಂದೆ ಈ ದೇಶಕ್ಕೆ ಸೈನ್ಯ ಇರೋದಿಲ್ಲ ಅಂತ ಘೋಷಿಸಿದರು. ಆ ಕೋಟೆ ಇವತ್ತು ರಾಷ್ಟ್ರೀಯ ವಸ್ತುಸಂಗ್ರಹಾಲಯ. ಘೋಷಣೆಯಾಗಿ ಹದಿನೈದು ದಿನವೂ ಆಗಿರಲಿಲ್ಲ, ಕಾಲ್ಡೆರಾನ್ ಬೆಂಬಲಿಗರು ನಿಕರಾಗುವಾ ಕಡೆಯಿಂದ ಗಡಿ ದಾಟಿ ನುಗ್ಗಿದರು. ಅಮೆರಿಕ ಖಂಡದ ರಾಷ್ಟ್ರಗಳ ಸಂಘಟನೆ ನಡುವೆ ಬಂತು, ದಾಳಿ ನಿಂತಿತು. 1949ರ ಸಂವಿಧಾನದ 12ನೇ ವಿಧಿಯಲ್ಲಿ ಸೈನ್ಯ ರದ್ದತಿ ಬರೆದಿಟ್ಟರು. ಅದೇ ಸಂವಿಧಾನದಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಬಂತು. 1949ರ ನವೆಂಬರ್‌ನಲ್ಲಿ ಫಿಗೆರೆಸ್ ಅಧಿಕಾರವನ್ನು, ನಿಜವಾಗಿ ಚುನಾವಣೆ ಗೆದ್ದಿದ್ದ ಉಲಾಟೆಗೆ ಕೊಟ್ಟು ಮನೆಗೆ ಹೋದರು. 1953ರಲ್ಲಿ ಚುನಾವಣೆಗೆ ನಿಂತು, ಜನರ ಮತ ಪಡೆದು ಅಧ್ಯಕ್ಷರಾಗಿ ಬಂದರು.

ಸೈನ್ಯ ರದ್ದು ಮಾಡಿದ್ದು ಬರೀ ಆದರ್ಶಕ್ಕಲ್ಲ. ನಾಳೆ ಇದೇ ಸೈನ್ಯ ನನ್ನನ್ನೂ ಇಳಿಸಬಹುದು ಎಂಬ ಲೆಕ್ಕಾಚಾರವೂ ಇತ್ತು. ಆ ಭಯ ಸುಳ್ಳೂ ಅಲ್ಲ, 1949ರ ಏಪ್ರಿಲ್‌ನಲ್ಲಿ ಅವರದೇ ಭದ್ರತಾ ಸಚಿವ ದಂಗೆ ಎದ್ದಿದ್ದ. ಲೆಕ್ಕಾಚಾರ ಏನೇ ಇರಲಿ, ಫಲ ನೋಡಿ. ಗ್ವಾಟೆಮಾಲಾದಲ್ಲಿ 1954ರಲ್ಲಿ ಚುನಾಯಿತ ಸರ್ಕಾರ ಉರುಳಿತು, ಆಮೇಲೆ 1960ರಿಂದ 1996ರವರೆಗೆ ಅಂತರ್ಯುದ್ಧ, ಸುಮಾರು ಎರಡು ಲಕ್ಷ ಜನ ಸತ್ತರು ಅಥವಾ ಕಾಣೆಯಾದರು. ಎಲ್ ಸಾಲ್ವಡಾರ್‌ನಲ್ಲಿ 1980ರಿಂದ 1992ರವರೆಗೆ ಯುದ್ಧ, ಸತ್ತವರು ಸುಮಾರು 75,000. ನಿಕರಾಗುವಾದಲ್ಲಿ ಕ್ರಾಂತಿ, ಪ್ರತಿಕ್ರಾಂತಿ. ಈ ಬೆಂಕಿಯ ನಡುವೆ ಕೋಸ್ಟಾರಿಕಾದಲ್ಲಿ ಚುನಾವಣೆಯ ಮೇಲೆ ಚುನಾವಣೆ ನಡೆಯಿತು. ನೆರೆಯವರ ಯುದ್ಧ ನಿಲ್ಲಿಸುವ ಶಾಂತಿ ಯೋಜನೆ ರೂಪಿಸಿದ ಅಲ್ಲಿನ ಅಧ್ಯಕ್ಷ ಆಸ್ಕರ್ ಅರಿಯಾಸ್‌ಗೆ 1987ರಲ್ಲಿ ನೊಬೆಲ್ ಬಂತು.

ಈಗ ಜತ್ತಿಯವರ ಕಡೆ ಬನ್ನಿ. ವಿಲೀನ ಆದ ಮೇಲೆ ದಿವಾನಗಿರಿ ಹೋಯಿತು. ಅವರು ಮತ್ತೆ ಕರಿಕೋಟು ಹಾಕಿಕೊಂಡು ಸುಮಾರು 20 ತಿಂಗಳು ವಕೀಲಿ ಮಾಡಿದರು. ಆಮೇಲೆ ವಿಲೀನಗೊಂಡ ಪ್ರದೇಶದ ಪ್ರತಿನಿಧಿಯಾಗಿ ಮುಂಬಯಿ ಶಾಸನಸಭೆಗೆ ನಾಮಕರಣಗೊಂಡರು. 1952ರಲ್ಲಿ ಮೊರಾರ್ಜಿ ದೇಸಾಯಿ ಅವರ ಸಂಪುಟದಲ್ಲಿ ಆರೋಗ್ಯ, ಕಾರ್ಮಿಕ ಸಚಿವ. 1956ರ ನವೆಂಬರ್ 1ಕ್ಕೆ ಈ ಕನ್ನಡ ನೆಲ ಮೈಸೂರು ರಾಜ್ಯಕ್ಕೆ ಬಂತು. ಭೂಸುಧಾರಣಾ ಸಮಿತಿಗೆ ಅವರೇ ಅಧ್ಯಕ್ಷರು. 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ, 1961ರ ಭೂಸುಧಾರಣಾ ಕಾಯ್ದೆ ಬಂದದ್ದು ಅವರ ಕಾಲದಲ್ಲೇ. 1974ರಲ್ಲಿ ಉಪರಾಷ್ಟ್ರಪತಿ. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಹಂಗಾಮಿ ರಾಷ್ಟ್ರಪತಿ.

ಆ ಐದು ತಿಂಗಳು ದೇಶದ ಚರಿತ್ರೆಯಲ್ಲೇ ಸೂಕ್ಷ್ಮ ಘಳಿಗೆ. ತುರ್ತು ಪರಿಸ್ಥಿತಿ ಇನ್ನೂ ಇತ್ತು. ಮಾರ್ಚ್‌ನಲ್ಲಿ ಚುನಾವಣೆ, ಇಂದಿರಾ ಗಾಂಧಿ ಸೋತರು. ಮಾರ್ಚ್ 21ಕ್ಕೆ ತುರ್ತು ಪರಿಸ್ಥಿತಿ ರದ್ದಾಯಿತು. ಮಾರ್ಚ್ 24ಕ್ಕೆ ಹೊಸ ಪ್ರಧಾನಿಯ ಪ್ರಮಾಣವಚನ. ವಚನ ತಗೊಂಡವರು ಮೊರಾರ್ಜಿ ದೇಸಾಯಿ, ಬೋಧಿಸಿದವರು ಅವರ ಹಳೆಯ ಸಂಪುಟದ ಸಹೋದ್ಯೋಗಿ, ಸಾವಳಗಿಯ ಜತ್ತಿ. ಕೇಂದ್ರದಲ್ಲಿ ಮೂವತ್ತು ವರ್ಷಗಳಲ್ಲಿ ಮೊದಲ ಸಲ ಅಧಿಕಾರ ಪಕ್ಷದಿಂದ ಪಕ್ಷಕ್ಕೆ ಹೋಯಿತು, ಅದೂ ರಕ್ತ ಇಲ್ಲದೆ. ಮುಂದಿನ ತಿಂಗಳು ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಿ ಅಂತ ಹೊಸ ಸರ್ಕಾರ ಹೇಳಿದಾಗ ಜತ್ತಿ ಸಹಿ ಹಾಕಲು ಹಿಂದೆಮುಂದೆ ನೋಡಿದರು. ಕೊನೆಗೆ ಸಂಪುಟದ ಮಾತಿಗೆ ಸಹಿ ಹಾಕಿದರು. ತಡ ಮಾಡಿದ್ದು ತಪ್ಪು ಅಂತ ಅವತ್ತು ಬೈದವರಿದ್ದಾರೆ, ಯೋಚಿಸಿದ್ದು ಸರಿ ಅಂದವರೂ ಇದ್ದಾರೆ. 1948ರಲ್ಲಿ ಒಂದು ಸಂಸ್ಥಾನದ ಬಾಗಿಲು ಮುಚ್ಚುವ ಕಾಗದಕ್ಕೆ ದುಡಿದ ಮನುಷ್ಯನೇ 29 ವರ್ಷದ ನಂತರ ಇಡೀ ದೇಶದ ಅಧಿಕಾರ ಬದಲಾವಣೆಯನ್ನು ನಡೆಸಿಕೊಟ್ಟ.

ಅಜ್ಜನ ಪ್ರಶ್ನೆಗೆ ಇದು ಅರ್ಧ ಉತ್ತರ. ಸಣ್ಣ ರಾಜ್ಯ ಕೊಟ್ಟು ದೊಡ್ಡ ದೇಶದ ಪೌರತ್ವ ಸಿಕ್ಕಿತು. ಪುರಸಭೆಯಿಂದ ರಾಷ್ಟ್ರಪತಿ ಭವನದವರೆಗೆ ದಾರಿ ತೆರೆಯಿತು. ರಬಕವಿ, ಬನಹಟ್ಟಿ ಒಂದೇ ಊರಾದವು.

ಉಳಿದ ಅರ್ಧ ಅಷ್ಟು ಸಿಹಿಯಾಗಿಲ್ಲ. ಸಂಸ್ಥಾನ ಇದ್ದಾಗ ಸರ್ಕಾರ ಕಾಲ್ನಡಿಗೆಯ ದೂರದಲ್ಲಿತ್ತು. ವಿಲೀನದ ಮೇಲೆ ಅದು ಮುಂಬಯಿಗೆ ಹೋಯಿತು, ಆಮೇಲೆ ಬೆಂಗಳೂರಿಗೆ. ಕೃಷ್ಣೆ ಮಗ್ಗುಲಲ್ಲೇ ಹರಿದರೂ ಬೇಸಿಗೆಯಲ್ಲಿ ಹೊಲಕ್ಕೆ ನೀರಿಲ್ಲ. ಒಂದು ಬ್ಯಾರೇಜ್ ಕಟ್ಟಿಕೊಡಿ ಅಂತ ಕೇಳಿ ಕೇಳಿ ಸಾಕಾಗಿ, ಚಿಕ್ಕಪಡಸಲಗಿಯಲ್ಲಿ ರೈತರೇ ಹಣ ಹಾಕಿ, ಮೈ ಬಗ್ಗಿಸಿ ದುಡಿದು 1989ರಲ್ಲಿ ಬ್ಯಾರೇಜ್ ಕಟ್ಟಿದರು. ಶ್ರಮಬಿಂದು ಸಾಗರ ಅಂತ ಹೆಸರಿಟ್ಟರು. ವಿಲೀನವಾಗಿ 41 ವರ್ಷಕ್ಕೆ! ಎಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ಹರಿಯುವ ನದಿಗೆ ಅಡ್ಡ ಕಟ್ಟೋದು ಊರ ಚಂದಾದಲ್ಲಿ ಗುಡಿ ಕಟ್ಟಿದಂತಲ್ಲ. ಮುಂದೆ ನಿಂತ ಸಿದ್ದು ನ್ಯಾಮಗೌಡರಿಗೆ 'ಬ್ಯಾರೇಜ್ ಸಿದ್ದು' ಅಂತಲೇ ಹೆಸರಾಯಿತು. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆ ಕ್ಷೇತ್ರಕ್ಕೆ ರಾಮಕೃಷ್ಣ ಹೆಗಡೆಯವರು ಬಂದಾಗ, ಮಾಜಿ ಮುಖ್ಯಮಂತ್ರಿಯನ್ನು, ರಾಷ್ಟ್ರಮಟ್ಟದ ನಾಯಕನನ್ನು ಈ ಬ್ಯಾರೇಜ್ ಮನುಷ್ಯ ಸೋಲಿಸಿದರು. ಬೆಂಗಳೂರಿನ ಪಂಡಿತರಿಗೆ ಅದು ಅಚ್ಚರಿ. ಕೃಷ್ಣಾ ತೀರದವರಿಗೆ ಅದು ನೀರಿನ ಲೆಕ್ಕ. ನಾನು ವರದಿಗೆ ಹೋಗಿದ್ದ ಆ ಉಪಚುನಾವಣೆ ಬಂದದ್ದೂ ಅವರು ಶಾಸಕರಾಗಿದ್ದಾಗಲೇ 2018ರ ಮೇನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡದ್ದರಿಂದ.

ಬೀಳಗಿಯವರ ಪಾಲಿಗೆ ನೀರು ಉಲ್ಟಾ ಬಂತು. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿಗೆ ಹೊಲ, ಮನೆ ಕೊಟ್ಟವರು ಆ ತಾಲ್ಲೂಕಿನಲ್ಲಿ ಬಹಳ ಜನ. ದೊಡ್ಡ ರಾಜ್ಯದ ಒಳಿತಿಗೆ ಸಣ್ಣ ಊರು ಮುಳುಗುವುದು ಅಂದರೆ ಏನು ಅಂತ ಅವರನ್ನು ಕೇಳಿ. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು, 2018ರಲ್ಲಿ ರಬಕವಿ-ಬನಹಟ್ಟಿ ತಾಲ್ಲೂಕಾಯಿತು. ಜಮಖಂಡಿ ಜಿಲ್ಲೆಯಾಗಲಿ ಎಂಬ ಕೂಗು ಇನ್ನೂ ಇದೆ. ನಾವು ಸ್ಟುಡಿಯೊದಲ್ಲಿ ಅದನ್ನು ಪ್ರತ್ಯೇಕತೆ, ರಾಜಕೀಯ ಅಂತ ತಳ್ಳಿ ಹಾಕ್ತೀವಿ. ಆ ಕೂಗಿನ ಹಿಂದೆ ಇರೋದು ಕಳೆದುಹೋದ ಸಿಂಹಾಸನದ ಆಸೆ ಅಂತ ನನಗೆ ಅನ್ನಿಸೋದಿಲ್ಲ. ಅಜ್ಜನಿಗೆ ರಾಜ ಬೇಕಿರಲಿಲ್ಲ. ಕೈಗೆ ಸಿಗುವ ಸರ್ಕಾರ ಬೇಕಿತ್ತು.

ಕೋಸ್ಟಾರಿಕಾ ಬಂದೂಕು ಕೆಳಗಿಟ್ಟಿತು, ಉಳಿದ ದುಡ್ಡನ್ನು ಶಾಲೆ, ಆಸ್ಪತ್ರೆಗೆ ಹಾಕ್ತೀವಿ ಅಂತ ಜನರಿಗೆ ಮಾತು ಕೊಟ್ಟಿತು. ಬಹುಮಟ್ಟಿಗೆ ಆ ಮಾತು ಉಳಿಸಿಕೊಂಡಿತು, ಅದಕ್ಕೇ ಅಲ್ಲಿಯ ಜನ ಆ ನಿರ್ಧಾರವನ್ನು ಇವತ್ತಿಗೂ ಹೆಮ್ಮೆಯಿಂದ ನೆನೀತಾರೆ. ಜಮಖಂಡಿ, ಮುಧೋಳಗಳು ತಮ್ಮ ರಾಜ್ಯವನ್ನೇ ಕೆಳಗಿಟ್ಟವು. ಅವರಿಗೆ ಕೊಟ್ಟ ಮಾತು ಉಳಿಸಿಕೊಳ್ಳುವ ಜವಾಬ್ದಾರಿ ಮೊದಲು ಮುಂಬಯಿಯದಾಗಿತ್ತು, 1956ರಿಂದ ಬೆಂಗಳೂರಿನದು.

ಆ ಉಪಚುನಾವಣೆಯ ಫಲಿತಾಂಶ ಬಂದ ದಿನ ನಾನು ಸ್ಟುಡಿಯೊದಲ್ಲಿ ಕೂತು ಅಂಕಿ ಅಂಶ ಓದಿದೆ, ಜಾತಿ ಲೆಕ್ಕ ಹೇಳಿದೆ, ಅನುಕಂಪದ ಅಲೆ ಅಂದೆ. ಅಜ್ಜ ಕೇಳಿದ್ದನ್ನು ಹೇಳಲಿಲ್ಲ. ಇವತ್ತು ಹೇಳಿದ್ದೀನಿ. ಮುಂದಿನ ಸಲ ಜಮಖಂಡಿಗೆ ಹೋದಾಗ ಅದೇ ಅಂಗಡಿಯ ಬೆಂಚಿನ ಹತ್ತಿರ ಹೋಗ್ತೀನಿ. ಅವರು ಸಿಕ್ಕರೆ, ಈ ಸಲ ಮೈಕ್ ಅವರ ಕೈಗೇ ಕೊಡ್ತೀನಿ.